ಮೈಕಿನ ಮುಂದೆ ಮಾತು ಕೈಕೊಟ್ಟ ವರ್ಷಗಳು

ರೇಡಿಯೋ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಈಗಲೂ ಆಗಾಗ ನವನಗರದ ನಮ್ಮ ಮನೆಗೆ ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ದನಿ ಕಾಪಾಡಿಕೊಳ್ಳುವುದು ಹೇಗೆ ಮೇಡಂ? ಜ್ಯೇಷ್ಠಮಧು ಜಗಿಯಬೇಕೇ, ಐಸ್‌ಕ್ರೀಮ್ ಬಿಡಬೇಕೇ, ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಬೇಕೇ? ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಧಾರವಾಡದಲ್ಲಿ ಉದ್ಘೋಷಕಿಯಾಗಿದ್ದವಳು. ಮಿರ್ಚಿ ಭಜಿ, ಗಿರ್ಮಿಟ್ಟು ಯಾವುದನ್ನೂ ಬಿಟ್ಟವಳಲ್ಲ. ದನಿಗೆ ಏನೂ ಆಗಲಿಲ್ಲ. ನಿವೃತ್ತಿಯಾಗುವ ದಿನವೂ ಅದು ನೆಟ್ಟಗೇ ಇತ್ತು. ಕೈಕೊಟ್ಟದ್ದು ದನಿಯಲ್ಲ, ಮಾತು. ಹಾಗಾಗಬಹುದು ಎಂದು ನನಗೆ ಯಾರೂ ಮುಂಚೆ ಹೇಳಿರಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲವಾದ್ದರಿಂದ ಇದನ್ನು ಬರೆಯಲು ಕೂತಿದ್ದೇನೆ.

ನನ್ನ ಅಪ್ಪ ಹುಬ್ಬಳ್ಳಿಯಲ್ಲಿ ಮಿಶನ್ ಸಾಲಿಯ ಮಾಸ್ತರರು. ದಿನಾ ಸಂಜೆ ಬೈಬಲ್ಲಿನ ಒಂದು ಅಧ್ಯಾಯವನ್ನು ನಾನು ಜೋರಾಗಿ ಓದಬೇಕು, ಪಕ್ಕದ ಕೋಣೆಯಲ್ಲಿ ಅಪ್ಪ ಕೂತು ಕೇಳಬೇಕು. ಒಂದು ಒತ್ತಕ್ಷರ ಜಾರಿದರೆ ಅಲ್ಲಿಂದಲೇ ಗದರಿಕೆ. ಹೀಗೆ ಪಳಗಿದ ನಾಲಿಗೆ ಮುಂದೆ ಬೆಳಗಿನ ವಚನ, ದಾಸರ ಪದ, ಪೇಟೆ ಧಾರಣೆ, ಹವಾಮಾನ ಎಲ್ಲವನ್ನೂ ಹೇಳಿತು. ನಮ್ಮ ಚರ್ಚಿನವರು, ನಮ್ಮ ಸುಗುಣಾ ದಿನಾ ಮುಂಜಾನೆ ಎಲ್ಲರಿಗಿಂತ ಮೊದಲು ಶಿವನ ಹೆಸರು ತಗೋತಾಳ ಅಂತ ಚೇಷ್ಟೆ ಮಾಡುತ್ತಿದ್ದರು.

ಕೆಲಸ ಕಲಿಸಿದವರು ಕಟ್ಟಿಮನಿ ಸರ್. ಹಿರಿಯ ಉದ್ಘೋಷಕರು, ಶಿಸ್ತಿಗೆ ಹೆಸರಾದವರು. ಅವರು ಹೇಳಿಕೊಟ್ಟದ್ದು ಒಂದೇ ಸೂತ್ರ: ತಪ್ಪು ಮಾಡಿದರೂ ಚಿಂತೆಯಿಲ್ಲ, ಸುಮ್ಮನಾಗಬಾರದು. ರೇಡಿಯೋದಲ್ಲಿ ಮೌನವೆಂದರೆ ಕೇಂದ್ರ ಸತ್ತಂತೆ. ಆ ಸೂತ್ರದ ಫಲವನ್ನು ಅವರೇ ಒಮ್ಮೆ ಉಂಡರು. ಮೈಕಿನ ಗುಂಡಿ ಬಂದ್ ಮಾಡಿದ್ದೇನೆಂದು ತಿಳಿದು ಸರ್ ನನಗೆ, ಆಗಿನ ನಿರ್ದೇಶಕರು ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಹೊಸ ಚಪ್ಪಲಿಗೆ ಮಾಡಿದ ಚೌಕಾಸಿಯನ್ನು ವರ್ಣಿಸಿದರು. ಉತ್ತರ ಕರ್ನಾಟಕವೆಲ್ಲ ಕೇಳಿಸಿಕೊಂಡಿತು. ಗೊತ್ತಾದ ಕೂಡಲೇ ಸರ್ ಒಂದು ಕ್ಷಣವೂ ಬಿಡದೆ, ಇಲ್ಲಿಗೆ ಈ ಹಾಸ್ಯ ಪ್ರಹಸನ ಮುಗಿಯಿತು ಎಂದು ಹೇಳಿ ಭಾವಗೀತೆ ಹಾಕಿದರು. ಪ್ರಹಸನ ಛಲೋ ಇತ್ತು ಎಂದು ಕೇಳುಗರಿಂದ ಕಾರ್ಡುಗಳು ಬಂದವು.

ಆಗ ಎಲ್ಲವೂ ದೊಡ್ಡ ಸ್ಪೂಲ್ ಟೇಪುಗಳಲ್ಲಿ. ಟೇಪು ಹರಿದರೆ ಬ್ಲೇಡಿನಿಂದ ಕತ್ತರಿಸಿ ಅಂಟಿಸಬೇಕು. ಆಮೇಲೆ ಸಿ.ಡಿ. ಬಂತು, ಕಂಪ್ಯೂಟರು ಬಂತು, ಫೈಲುಗಳು ಬಂದವು. ಕಾಗದ ನೋಡದೆ ಮಾತಾಡುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರು ಇರಲಿಲ್ಲ ಎಂದು ನಾನೇ ಹೇಳಿಕೊಂಡರೆ ಜಂಬವಾಗುತ್ತದೆ, ಆದರೆ ಅದು ಖರೆ. ಗಾಯಕರ ಹೆಸರು, ಘರಾಣೆ, ರಾಗ, ಪಕ್ಕವಾದ್ಯದವರು ಎಲ್ಲ ನಾಲಿಗೆಯ ತುದಿಯಲ್ಲಿ. ಯಾವುದೋ ಟೇಪು ಕೆಟ್ಟರೆ ಡ್ಯೂಟಿ ಆಫೀಸರರು ಗಾಬರಿಯಾಗುತ್ತಿರಲಿಲ್ಲ. ಸುಗುಣಾ ಇದ್ದಾಳಲ್ಲ, ಹೇಳಿಕೊಂಡು ಹೋಗುತ್ತಾಳೆ ಎನ್ನುತ್ತಿದ್ದರು. ಅಂಥ ನಾಲಿಗೆ ನನ್ನದು. ಅದಕ್ಕೆ ಏನಾಯಿತು ಕೇಳಿ.

ನಲವತ್ತೆಂಟು ದಾಟಿದ ಮೇಲೆ ಮೊದಲು ಸುರುವಾದದ್ದು ಸೆಕೆ. ಸ್ಟುಡಿಯೋ ಎಂದರೆ ಯಂತ್ರಗಳಿಗಾಗಿ ಸದಾ ತಣ್ಣಗಿರುವ ಜಾಗ. ಬೇಸಿಗೆಯಲ್ಲೂ ನಾವು ಶಾಲು ಹೊದ್ದೇ ಕೂಡುತ್ತಿದ್ದೆವು. ಅಂಥಲ್ಲಿ ನನಗೆ ಎದೆಯಿಂದ ಬೆಂಕಿ ಎದ್ದು ಕಿವಿಯವರೆಗೆ ಏರುತ್ತಿತ್ತು, ಬೆವರು ಕಾಗದದ ಮೇಲೆ ಬೀಳುತ್ತಿತ್ತು. ರಾತ್ರಿ ನಿದ್ದೆ ತುಂಡುತುಂಡು. ಮುಟ್ಟು ಒಂದು ತಿಂಗಳು ಬಂದರೆ ಎರಡು ತಿಂಗಳು ಇಲ್ಲ. ಇದೆಲ್ಲ ವಯಸ್ಸಿನ ಸಹಜ ಕಾಟ, ನಮ್ಮ ಅವ್ವಂದಿರೂ ಅನುಭವಿಸಿದ್ದಾರೆ ಎಂದು ಸುಮ್ಮನಿದ್ದೆ.

ಆಮೇಲೆ ಶಬ್ದಗಳು ತಪ್ಪಿಸಿಕೊಳ್ಳತೊಡಗಿದವು. ಅಡಿಗೆಮನೆಯಲ್ಲಿ ನಿಂತು ಜರಡಿಯನ್ನು ಕೈಯಲ್ಲೇ ಹಿಡಿದುಕೊಂಡು ಅದರ ಹೆಸರು ಹುಡುಕಿದೆ. ನನ್ನ ಗಂಡ ಪ್ರಭಾಕರ್, ರೈಲ್ವೆ ವರ್ಕ್‌ಶಾಪಿನವರು, ಮೊದಮೊದಲು ನಗುತ್ತಿದ್ದರು. ಧಾರವಾಡದಿಂದ ಮನೆಗೆ ಬರುವ ಬಸ್ಸಿನಲ್ಲಿ ಕೂತು, ನವನಗರದ ಸ್ಟಾಪು ಬಂದರೂ ಇಳಿಯದೆ, ಹುಬ್ಬಳ್ಳಿ ಮುಟ್ಟಿದ ಮೇಲೆ ನಾನು ಎಲ್ಲಿಗೆ ಹೊರಟಿದ್ದೆ ಎಂದು ಯೋಚಿಸುತ್ತ ನಿಂತ ದಿನ ಮಾತ್ರ ಅವರು ನಗಲಿಲ್ಲ. ದೊಡ್ಡವ್ವಗೂ ಹಿಂಗಽ ಸುರು ಆಗಿತ್ತಲ್ಲ ಎಂದರು. ನಮ್ಮ ದೊಡ್ಡವ್ವ ಕೊನೆಯ ವರ್ಷಗಳಲ್ಲಿ ಹೆತ್ತ ಮಕ್ಕಳ ಗುರುತೂ ಇಲ್ಲದೆ ಹೋದವಳು. ಅವರು ಕೆಟ್ಟದ್ದಕ್ಕೆ ಹೇಳಲಿಲ್ಲ, ಹೆದರಿ ಹೇಳಿದರು. ಆದರೆ ಆ ಒಂದು ಮಾತನ್ನು ಮಾತ್ರ ನಾನು ಮರೆಯಲಿಲ್ಲ. ಆಗ ನನಗಿನ್ನೂ ಐವತ್ತು ತುಂಬಿರಲಿಲ್ಲ. ಹುಚ್ಚಿಯಾಗಿ ಮನೆಯ ಮೂಲೆ ಹಿಡಿಯುತ್ತೇನೆಯೇ ಎಂದು ಒಳಗೊಳಗೇ ನಡುಗಿದೆ. ಯಾರಿಗೂ ಹೇಳಲಿಲ್ಲ.

ಮೈಕಿನ ಮುಂದೆ ಮಾತ್ರ ಹೇಗೋ ದಾಟಿಸುತ್ತಿದ್ದೆ. ಎಲ್ಲವನ್ನೂ ಬರೆದುಕೊಂಡು ಓದತೊಡಗಿದೆ. ಬರೆದದ್ದನ್ನು ಓದುವುದಕ್ಕೆ ತೊಂದರೆಯಿರಲಿಲ್ಲ. ಹೆದರಿಕೆ ಬರೆಯದೆ ಹೇಳಬೇಕಾದಾಗ.

ಆ ದಿನ ಬೆಳಗಿನ ಪಾಳಿ. ಶಾಸ್ತ್ರೀಯ ಸಂಗೀತದ ಹೊತ್ತಿಗೆ ಹಾಕಬೇಕಾಗಿದ್ದ ಫೈಲು ತೆರೆಯಲಿಲ್ಲ. ಕೈಗೆ ಸಿಕ್ಕದ್ದು ಪಂಡಿತ ಶಂಭುಲಿಂಗಯ್ಯನವರ ಹಳೆಯ ಧ್ವನಿಮುದ್ರಣ. ಎಂಬತ್ತರ ಹತ್ತಿರದ ಹಿರಿಯ ಗಾಯಕರು, ಧಾರವಾಡದ ಮಾಳಮಡ್ಡಿಯಲ್ಲಿ ಮನೆ. ಅವರ ಬಗ್ಗೆ ನಿದ್ದೆಗಣ್ಣಲ್ಲೂ ಹೇಳಬಲ್ಲೆ ಎಂದುಕೊಂಡು ಮೈಕು ತೆರೆದೆ. ರಾಗದ ಹೆಸರು ಹೇಳಬೇಕು, ಅದು ಬರಲಿಲ್ಲ. ಅಹಿರ್ ಭೈರವ, ಸಾವಿರ ಸಲ ಹೇಳಿದ ಹೆಸರು. ಸುಮ್ಮನಾಗಬಾರದು ಎಂಬ ಕಟ್ಟಿಮನಿ ಸರ್ ಸೂತ್ರ ಬೆನ್ನಿಗಿತ್ತು. ರಾಗವನ್ನು ಹುಡುಕುತ್ತಲೇ ಬಾಯಿ ಮುಂದಕ್ಕೆ ಹೋಯಿತು, ಏನೋ ಹೇಳಿದೆ, ಹೆಸರು ಕೊನೆಗೆ ಸಿಕ್ಕಿತು, ಸಂಗೀತ ಸುರುವಾಯಿತು. ನಾನು ಬೆವರು ಒರೆಸಿಕೊಂಡು, ಅಂತೂ ದಾಟಿದೆ ಎಂದು ನೀರು ಕುಡಿದೆ.

ಸ್ವಲ್ಪ ಹೊತ್ತಿಗೆ ಡ್ಯೂಟಿ ರೂಮಿನ ಫೋನು ಬಡಿದುಕೊಳ್ಳತೊಡಗಿತು. ಪಂಡಿತರು ಯಾವಾಗ ತೀರಿಕೊಂಡರು, ಮಣ್ಣು ಕೊಡುವುದು ಎಷ್ಟು ಹೊತ್ತಿಗೆ ಎಂದು ಕೇಳುವವರು. ಡ್ಯೂಟಿ ಆಫೀಸರರು ನನ್ನ ಕಡೆ ನೋಡಿದರು. ನನಗೆ ಏನೂ ಗೊತ್ತಿಲ್ಲ ಎಂದೆ, ಗೊತ್ತಿರಲೂ ಇಲ್ಲ. ಪ್ರಸಾರವಾದದ್ದೆಲ್ಲ ಯಂತ್ರದಲ್ಲಿ ದಾಖಲಾಗುತ್ತದೆ. ಅದನ್ನು ಹಾಕಿ ಕೇಳಿಸಿದರು. ನನ್ನದೇ ದನಿ, ಶಾಂತವಾಗಿ, ಇಂಪಾಗಿ ಹೇಳುತ್ತಿತ್ತು: "ಈಗ ಕೇಳಿ, ದಿವಂಗತ ಪಂಡಿತ ಶಂಭುಲಿಂಗಯ್ಯನವರ ಗಾಯನ."

ಹಳೆಯ ಧ್ವನಿಮುದ್ರಣಗಳನ್ನು ಪರಿಚಯಿಸುವಾಗ ಅರ್ಧಕ್ಕರ್ಧ ಹೆಸರುಗಳ ಹಿಂದೆ ದಿವಂಗತ ಎಂದು ಹೇಳುವುದು ನಮ್ಮ ರೂಢಿ. ಹುಡುಕಿದ ಮಾತು ಸಿಗದೆ ಹೋದಾಗ ರೂಢಿಯ ಮಾತು ತಾನೇ ಬಂದು ಕೂತಿತ್ತು. ತಪ್ಪು ಮಾತಾಡಿದ್ದಕ್ಕಿಂತ, ಅದನ್ನು ಆಡಿದ್ದು ನನಗೆ ಗೊತ್ತೇ ಆಗಲಿಲ್ಲವಲ್ಲ, ಅದು ನನ್ನನ್ನು ಅಲ್ಲಾಡಿಸಿತು.

ಅಷ್ಟರಲ್ಲಿ ಮಾಳಮಡ್ಡಿಯಲ್ಲಿ ಆಗಬೇಕಾದದ್ದೆಲ್ಲ ಆಗಿತ್ತು. ಶಿಷ್ಯರು ಹಾರ ಹಿಡಿದುಕೊಂಡು ಬಂದಿದ್ದರು. ಭಜನೆ ಮೇಳದವರು ತಾಳ ಕಟ್ಟಿಕೊಂಡು ಬಂದಿದ್ದರು. ಪಂಡಿತರು ಜಂಗಮರು, ಅವರಲ್ಲಿ ತೀರಿಕೊಂಡವರನ್ನು ಕುಳ್ಳಿರಿಸಿ ವಿಮಾನ ಕಟ್ಟಿ ಒಯ್ಯುತ್ತಾರೆ. ಯಾರೋ ಪುಣ್ಯಾತ್ಮ ವಿಮಾನಕ್ಕೆ ಬಿದಿರು, ಬಾಳೆಕಂಬ ಕೂಡ ತಂದು ಅಂಗಳದಲ್ಲಿ ಒಗೆದಿದ್ದನಂತೆ. ಬಾಗಿಲು ತೆರೆದವರು ಸಾಕ್ಷಾತ್ ಪಂಡಿತರೇ. ಬೆಳಗಿನ ರಿಯಾಜಿನ ಮೇಲೆ ಚಹಾ ಕುಡಿಯುತ್ತ ರೇಡಿಯೋ ಕೇಳುತ್ತಿದ್ದವರು, ತಮ್ಮ ಸಾವಿನ ಸುದ್ದಿಯನ್ನು ಊರಿನ ಜೊತೆಗೇ ತಾವೂ ಕೇಳಿದ್ದರು.

ಪಾಳಿ ಮುಗಿದ ಕೂಡಲೇ ಕ್ಷಮೆ ಕೇಳಲು ಓಡಿದೆ. ಅಂಗಳದಲ್ಲಿ ಬಿದಿರು ಇನ್ನೂ ಬಿದ್ದಿತ್ತು. ಕಾಲಿಗೆ ಬೀಳಲು ಹೋದವಳನ್ನು ಪಂಡಿತರು ಹಿಡಿದು ಕೂರಿಸಿದರು.

"ನಾ ಸತ್ತಮ್ಯಾಲೆ ಎಷ್ಟ ಮಂದಿ ಬರ್ತಾರ ನೋಡಬೇಕಂತ ಭಾಳ ದಿನದಿಂದ ಇತ್ತವಾ," ಎಂದರು. "ಇವತ್ತ ನೋಡಿದೆ. ಅಂದ್ಕೊಂಡಷ್ಟ ಮಂದಿ ಬರಲಿಲ್ಲ ಬಿಡು."

ಅವರು ನಗಿಸಲು ಹೇಳಿದರು, ನಾನು ಅತ್ತೆ. ಅವರ ಹೆಂಡತಿ ಸುಭದ್ರಕ್ಕ ನನ್ನನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ನೀರು ಕೊಟ್ಟರು. ಎತ್ತರದ, ನೆಟ್ಟಗೆ ನಿಲ್ಲುವ ಹೆಂಗಸು. ಮಾತು ಕಡಿಮೆ. ಒಲೆಯ ಮೇಲಿನ ಚಹಾ ನೋಡುತ್ತಲೇ ಕೇಳಿದರು.

"ಗೊತ್ತಿದ್ದ ಮಾತ ಬಾಯಿಗೆ ಬರಲಿಲ್ಲೇನವಾ?"

"ಹೌದ್ರಿ ಅಕ್ಕಾರ. ನಾಲಿಗಿ ಮ್ಯಾಲೇ ಇತ್ರಿ."

"ವಯಸ್ಸೆಷ್ಟ ನಿನಗ?"

"ಐವತ್ತಕ್ಕ ಬಂತ್ರಿ."

ಅವರು ಹೂಂ ಎಂದರು, ಅಷ್ಟೇ. ಕಪ್ಪು-ಬಸಿಯಲ್ಲಿ ಚಹಾ ಹಾಕಿಕೊಟ್ಟು ನಾನು ಕುಡಿದು ಮುಗಿಸುವವರೆಗೆ ಎದುರು ನಿಂತೇ ಇದ್ದರು. ಇವರು ಇದನ್ನೇಕೆ ಕೇಳಿದರು ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಕೇಂದ್ರದಲ್ಲಿ ಆಗಿನ ನಿರ್ದೇಶಕರು ಹೊರಗಿನಿಂದ ವರ್ಗವಾಗಿ ಬಂದಿದ್ದವರು, ಕೆಟ್ಟವರಲ್ಲ, ಕಾಗದಕ್ಕೆ ಅಂಜುವವರು. ಮೇಲಿನಿಂದ ವಿವರಣೆ ಕೇಳಿದ್ದಾರೆ ಎಂದರು. ಮನಸ್ಸು ಸ್ವಸ್ಥವಿದೆ ಎಂದು ವೈದ್ಯರಿಂದ ಬರೆಸಿ ತರುವವರೆಗೆ ಮೈಕಿನ ಹತ್ತಿರ ಹೋಗಕೂಡದು ಎಂದರು. ಮನಸ್ಸು ಸ್ವಸ್ಥವಿದೆ ಎಂದು. ಆ ಎರಡು ಶಬ್ದ ನನ್ನ ಮುಖಕ್ಕೆ ಹೊಡೆದಂತಾಯಿತು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ನನಗೇ ಆ ಸಂಶಯವಿತ್ತು. ವೈದ್ಯರು ಸ್ವಸ್ಥವಿಲ್ಲ ಎಂದು ಬರೆದುಕೊಟ್ಟರೆ? ಮೈಕು ಹೋದರೆ ನನ್ನಲ್ಲಿ ಉಳಿಯುವುದಾದರೂ ಏನು?

ನನ್ನನ್ನು ಟೇಪುಗಳ ಲೈಬ್ರರಿಗೆ ಹಾಕಿದರು. ಹಳೆಯ ಸ್ಪೂಲುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ. ಅಲ್ಲಿದ್ದವರು ಬಸಪ್ಪ ಕಾಕಾ, ನನಗಿಂತ ಹಿರಿಯರು, ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಒಂದು ದಿನ ಶಂಭುಲಿಂಗಯ್ಯನವರ ಟೇಪು ಕೈಗೆ ಬಂದಾಗ ಅವರು ಸಹಜವಾಗಿ ಹೇಳಿದರು, ಇವರ ಮನಿಯವರೂ ಹಾಡತಿದ್ರು, ಖರೇ ಹೇಳಬೇಕಂದ್ರ ಇವರಕಿಂತ ಒಂದು ಕೈ ಮ್ಯಾಲೆ. ನಾನು ಬೆಕ್ಕಸಬೆರಗಾದೆ. ಇಷ್ಟು ವರ್ಷ ಸಂಗೀತಗಾರರ ಹೆಸರು ಹೇಳಿಕೊಂಡೇ ಬದುಕಿದವಳು, ಸುಭದ್ರಕ್ಕ ಹಾಡುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ನಾನು ಸೇರಿದ ಹೊಸತರಲ್ಲಿ ಅವರು ಒಂದೆರಡು ಸಲ ಕೇಂದ್ರಕ್ಕೆ ಬಂದಿರಬೇಕು, ಆಗ ನನ್ನ ಪಾಳಿ ಇರಲಿಲ್ಲವೇನೋ.

ಯಾಕೆ ಬಿಟ್ಟರು ಎಂದು ಕೇಳಿದೆ. ಕಾಕಾ ನೆನಪು ಮಾಡಿಕೊಂಡು ಹೇಳಿದರು. ಕೊನೆಯ ಸಲ ಧ್ವನಿಮುದ್ರಣಕ್ಕೆ ಬಂದಾಗ, ಹಾಡುತ್ತ ಹಾಡುತ್ತ ಅಂತರಾದಲ್ಲಿ, ಎಂದರೆ ಹಾಡಿನ ಎರಡನೆಯ ಭಾಗದಲ್ಲಿ, ಚೀಜಿನ ಶಬ್ದಗಳೇ ಹೋದವಂತೆ. ಚೀಜು ಎಂದರೆ ರಾಗಕ್ಕೆ ಕೂಡಿಸಿದ ಪದ, ಅದೂ ಅವರು ಎಳವೆಯಿಂದ ಹಾಡಿದ್ದು. ಶಬ್ದವಿಲ್ಲದೆ ಬರೀ ಆಕಾರದಲ್ಲಿ ಸ್ವಲ್ಪ ಹೊತ್ತು ಮುಂದುವರಿಸಿ, ಮತ್ತೆ ಸುರು ಮಾಡಿದರು, ಮತ್ತೆ ಅಲ್ಲಿಗೇ ನಿಂತಿತು. ಮೈಯೆಲ್ಲ ಬೆವತಿತ್ತು. ಎದ್ದು ಹೊರಗೆ ಹೋದವರು ತಿರುಗಿ ಬರಲಿಲ್ಲ. ಆಗ ಅವರಿಗೂ ಐವತ್ತರ ಆಸುಪಾಸು ಇದ್ದೀತು ಎಂದರು ಕಾಕಾ. ಅವರ ಹಿಂದಿನ ಟೇಪುಗಳು ಎಲ್ಲಿ ಎಂದು ಹುಡುಕಿದೆ. ಕಾಕಾ ತಲೆ ಅಲ್ಲಾಡಿಸಿದರು. ಆಗೆಲ್ಲ ಟೇಪು ತುಟ್ಟಿ. ಹಾಡುವುದು ಬಿಟ್ಟವರ, ಹೆಸರಾಗದವರ ಧ್ವನಿಮುದ್ರಣಗಳನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಮಾಡುವುದು ಪದ್ಧತಿ. ಸುಭದ್ರಕ್ಕನ ಟೇಪುಗಳ ಮೇಲೆ ಯಾವುದೋ ಕೃಷಿ ಸಂದರ್ಶನ ಮಾಡಿದ್ದರಂತೆ. ಒಂದೂ ಉಳಿದಿರಲಿಲ್ಲ. ನಮ್ಮ ಕೆಲಸದ ಈ ಪದ್ಧತಿ ನನಗೆ ಮೊದಲಿನಿಂದ ಗೊತ್ತಿತ್ತು, ಒಂದು ದಿನವೂ ಅದು ಕಟುಕತನವೆಂದು ಅನಿಸಿರಲಿಲ್ಲ.

ಇತ್ತ ನನ್ನ ಡಾಕ್ಟರ ಯಾತ್ರೆ. ಮೊದಲನೆಯವರು ಟೆನ್ಶನ್ ಎಂದು ನಿದ್ದೆಗುಳಿಗೆ ಬರೆದರು. ಅದನ್ನು ತಿಂದು ಹಗಲೂ ಮಂಪರಾಗಿ ಇನ್ನಷ್ಟು ಶಬ್ದಗಳನ್ನು ಕಳೆದುಕೊಂಡೆ. ಎರಡನೆಯವರು ಮಕ್ಕಳು ದೂರ ಹೋದ ಮೇಲೆ ಹೆಂಗಸರಿಗೆ ಹೀಗಾಗುತ್ತದೆ ಎಂದರು. ನನ್ನ ಮಗಳು ಅದೇ ಮನೆಯಲ್ಲಿ ನನ್ನ ಜೊತೆಗೇ ಇದ್ದಳು. ಬ್ರಾಹ್ಮಿ ಎಲೆಯ ರಸ ಕುಡಿ ಎಂದು ಚರ್ಚಿನ ಹಿರಿಯರು ಹೇಳಿದರು, ಅದನ್ನೂ ಕುಡಿದೆ. ಹಣೆಬರಹ ಎಂದು ಕೈಚೆಲ್ಲುವ ಹೊತ್ತಿಗೆ ಮಗಳು ಹುಬ್ಬಳ್ಳಿಯ ಡಾಕ್ಟರ್ ಮೀನಾಕ್ಷಿ ಎಂಬವರ ಹತ್ತಿರ ಕರೆದೊಯ್ದಳು. ಹೆಂಗಸರ ಡಾಕ್ಟರು. ತಲೆಗೆ ಕಾಯಿಲೆ ಬಂದರೆ ಇವರ ಹತ್ತಿರ ಯಾಕೆ ಎಂದು ದಾರಿಯುದ್ದಕ್ಕೂ ಗೊಣಗಿದೆ.

ಅವರು ಎಲ್ಲವನ್ನೂ ಕೇಳಿದರು. ಸೆಕೆ, ನಿದ್ದೆ, ಮುಟ್ಟು, ಬಸ್ಸು, ದೊಡ್ಡವ್ವ, ದಿವಂಗತ ಪಂಡಿತರು. ರಕ್ತ ಕೊಡಿಸಿದರು, ಥೈರಾಯ್ಡ್, ಸಕ್ಕರೆ, ವಿಟಮಿನ್ನು ಎಲ್ಲ ನೋಡಿಸಿದರು. ಒಂದು ಕಥೆ ಹೇಳಿ ತಿರುಗಿ ಹೇಳಿಸಿದರು, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರು, ಗಡಿಯಾರದ ಚಿತ್ರ ಬರೆಸಿದರು. ಪರೀಕ್ಷೆಗಳೆಲ್ಲ ಮುಗಿದು ಕಾಗದಗಳು ಬಂದ ಮೇಲೆ ಎದುರು ಕೂರಿಸಿಕೊಂಡರು.

"ನಿಮಗ ದೊಡ್ಡವ್ವನ ರೋಗ ಬಂದಿಲ್ರಿ ಅಕ್ಕಾರ," ಎಂದರು. "ನಿಮ್ಮ ಮುಟ್ಟು ನಿಲ್ಲಾಕತ್ತೈತಿ. ಅದು ಬರೇ ಹೊಟ್ಟಿ ಕೆಳಗಿನ ಮಾತು ಅಂತ ತಿಳಕೊಂಡೀರಿ. ಮೆದುಳಿಗೂ ಅದು ಗೊತ್ತಾಗತೈತಿ."

ಆಮೇಲೆ ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜನ್ ಎಂಬ ಹಾರ್ಮೋನು ರಕ್ತದ ಜೊತೆ ಮೆದುಳಿಗೂ ಹೋಗುತ್ತದೆ. ನೆನಪು ಕೂಡಿಡುವ, ಬೇಕಾದ ಶಬ್ದ ಹುಡುಕಿ ಕೊಡುವ, ಮೈಯ ಶಾಖ ಕಾಯುವ, ನಿದ್ದೆ ತರುವ ಜಾಗಗಳಲ್ಲೆಲ್ಲ ಅದಕ್ಕೆ ಕೆಲಸವಿದೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಅದು ಮೆಲ್ಲಗೆ ಇಳಿದು ಹೋಗುವುದಿಲ್ಲ, ಒಂದು ದಿನ ಏರಿ ಒಂದು ದಿನ ಬಿದ್ದು ಕಾಡುತ್ತದೆ. ಮೆದುಳಿಗೆ ಹೊಂದಿಕೊಳ್ಳಲು ಹೊತ್ತು ಬೇಕು. ಅಷ್ಟರಲ್ಲಿ ಶಬ್ದಗಳು ತಪ್ಪುತ್ತವೆ, ಗಮನ ಜಾರುತ್ತದೆ. ಬೆವರಿನಿಂದ ನಿದ್ದೆ ಕೆಟ್ಟು ಅದು ಇನ್ನೂ ಹೆಚ್ಚುತ್ತದೆ, ಹೆದರಿಕೆಯಿಂದ ಮತ್ತೂ ಹೆಚ್ಚುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಆದವರಲ್ಲಿ ಹೆಚ್ಚಿನವರಿಗೆ ಕಾಲ ಕಳೆದಂತೆ ತಿಳಿಯಾಗುತ್ತದೆ. ಬೇರೆ ಕಾರಣಗಳೂ ಇರಬಹುದಾದ್ದರಿಂದ ತೋರಿಸಿಕೊಳ್ಳಬೇಕು, ತಾವೇ ತೀರ್ಮಾನ ಮಾಡಿಕೊಳ್ಳಬಾರದು. ನನಗೆ ಕೊಟ್ಟ ಔಷಧ ಯಾವುದೆಂದು ಇಲ್ಲಿ ಹೇಳುವುದಿಲ್ಲ. ನನಗೆ ಹಿಡಿಸಿದ್ದು ನಿಮಗೆ ಹಿಡಿಸಬೇಕೆಂದಿಲ್ಲ.

ಹುಚ್ಚಲ್ಲ ಎಂದು ತಿಳಿದಾಗ ಸಂತೋಷವಾಗಬೇಕಿತ್ತು. ಆಯಿತು ಕೂಡ, ಮೆಟ್ಟಿಲಿಳಿದು ಬರುತ್ತ ಮಗಳನ್ನು ಹಿಡಿದುಕೊಂಡು ಅತ್ತೆ. ಆದರೆ ಬಸ್ಸು ಹತ್ತಿದ ಮೇಲೆ ನನಗೆ ಬಂದದ್ದು ಸಿಟ್ಟು. ನಾನು ವರ್ಷಗಟ್ಟಲೆ ಮಹಿಳೆಯರ ಕಾರ್ಯಕ್ರಮ ನಡೆಸಿದವಳು. ಬಾಣಂತಿಯ ಪಥ್ಯ, ಕೂಸಿನ ಲಸಿಕೆ, ರಕ್ತಹೀನತೆ, ಮಂಡಿನೋವು, ಉಪ್ಪಿನಕಾಯಿಗೆ ಬೂಸ್ಟು ಬಾರದಂತೆ ಇಡುವುದು, ಎಲ್ಲ ಹೇಳಿದ್ದೆ. ಮುಟ್ಟು ನಿಲ್ಲುವಾಗ ತಲೆಯೊಳಗೆ ಏನಾಗುತ್ತದೆ ಎಂಬ ಒಂದು ವಾಕ್ಯವನ್ನೂ ನಾನು ಓದಿರಲಿಲ್ಲ, ಯಾರೂ ಬರೆದುಕೊಟ್ಟಿರಲಿಲ್ಲ. ಲಕ್ಷಾಂತರ ಹೆಂಗಸರಿಗೆ ಆಗುವ ವಿಷಯ.

ಡಾಕ್ಟರ ಕಾಗದ ಕೊಟ್ಟೆ, ಮೈಕು ತಿರುಗಿ ಸಿಕ್ಕಿತು, ಆದರೆ ಸದ್ಯಕ್ಕೆ ಬರೆದದ್ದನ್ನು ಓದುವ ಪಾಳಿ ಮಾತ್ರ. ನಾನು ನಿರ್ದೇಶಕರಿಗೆ, ಈ ವಿಷಯದ ಮೇಲೆ ಡಾಕ್ಟರ್ ಮೀನಾಕ್ಷಿಯವರ ನೇರ ಫೋನ್ ಕಾರ್ಯಕ್ರಮ ಮಾಡೋಣ ಎಂದೆ. ಅವರು ಕುರ್ಚಿಯಲ್ಲೇ ಹಿಂದೆ ಸರಿದರು. ಮನೆಗಳಲ್ಲಿ ಮಾವಂದಿರು ಕೇಳುತ್ತಿರುತ್ತಾರೆ ಎಂದರು. ಬಹಳ ಕಾಡಿದ ಮೇಲೆ ಒಪ್ಪಿದರು, ಒಂದು ಶರತ್ತಿನ ಮೇಲೆ: ಮುಟ್ಟು ಎಂಬ ಶಬ್ದ ಬಳಸಕೂಡದು. ಆ ಶಬ್ದವಿಲ್ಲದೆ ಮುಟ್ಟು ನಿಲ್ಲುವುದರ ಬಗ್ಗೆ ಮಾತಾಡಬೇಕು! ನಾನು ಆಗಲಿ ಎಂದು ಬಂದು ಡಾಕ್ಟರಿಗೆ ಶರತ್ತು ತಿಳಿಸಿದೆ. ಅವರು ತಲೆಯಾಡಿಸಿ, ಮೈಕು ತೆರೆದ ಕೂಡಲೇ ಮೊದಲನೆಯ ವಾಕ್ಯದಲ್ಲೇ ಆ ಶಬ್ದ ಹೇಳಿದರು. ಗಾಜಿನಾಚೆ ನಿರ್ದೇಶಕರು ಹಣೆ ಹಿಡಿದುಕೊಂಡದ್ದು ಕಂಡಿತು.

ಆಮೇಲೆ ಬಂದ ಫೋನುಗಳನ್ನು ಕೇಳಿ ಅವರೂ ಹಣೆಯಿಂದ ಕೈ ತೆಗೆದರು. ಒಬ್ಬರು ಗದಗಿನ ಗಣಿತದ ಟೀಚರು. ಬೋರ್ಡಿನ ಮುಂದೆ ಲೆಕ್ಕ ಅರ್ಧಕ್ಕೆ ನಿಂತುಹೋಗಿ, ಮಕ್ಕಳು ನಕ್ಕು, ನಾಚಿಕೆಯಿಂದ ರಾಜೀನಾಮೆ ಕೊಟ್ಟಿದ್ದರು. ಹಳೇ ಹುಬ್ಬಳ್ಳಿಯಿಂದ ಒಬ್ಬ ತಾಯಿ, ಹೊಲಿಗೆ ಕೆಲಸದವರು, ಅಳತೆ ಮರೆಯುತ್ತದೆಂದು ಮನೆಯವರು ದೆವ್ವ ಬಿಡಿಸಲು ಕರೆದೊಯ್ದು ಬೆನ್ನಿಗೆ ಬಾಸುಂಡೆ ಬರುವಂತೆ ಹೊಡೆಸಿದ್ದರು. ಅವರು ಅದನ್ನು ಬಹಳ ಸಮಾಧಾನದಿಂದ ಹೇಳಿದರು, ಹೇಳಿ, ಹಂಗಾರ ನನಗ ದೆವ್ವ ಬಡದಿಲ್ಲಲ್ರಿ ಡಾಕ್ಟರ ಎಂದು ಕೇಳಿದರು. ಇಲ್ಲವಾ, ಬಡದಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರು. ಹೊತ್ತು ಮುಗಿದರೂ ಫೋನುಗಳು ನಿಲ್ಲಲಿಲ್ಲ. ಗಂಡಸರೂ ಮಾಡಿದರು. ಹೆಂಡತಿಯನ್ನು ಬೈದದ್ದು ತಪ್ಪಾಯಿತು ಎಂದು ಒಬ್ಬರು ಫೋನಿನಲ್ಲೇ ಒಪ್ಪಿಕೊಂಡರು.

ಮರುದಿನ ಶಂಭುಲಿಂಗಯ್ಯನವರ ಮನೆಯಿಂದ ಕರೆ ಬಂತು. ಸುಭದ್ರಕ್ಕ ಕರೀತಾರ, ಒಮ್ಮೆ ಬಂದು ಹೋಗಬೇಕಂತ. ಹೋದೆ. ಪಂಡಿತರು ಜೋಕಾಲಿಯ ಮೇಲೆ ಕೂತಿದ್ದರು, ಸುಭದ್ರಕ್ಕ ಕೆಳಗೆ ಚಾಪೆಯ ಮೇಲೆ. ಪಕ್ಕದಲ್ಲಿ ಕೂಡು ಎಂದು ಕೈ ತೋರಿಸಿದರು. ಕಾರ್ಯಕ್ರಮ ಕೇಳಿದ್ದೇನೆ ಎಂದರು. ನನಗೆ ಬಸಪ್ಪ ಕಾಕಾ ಹೇಳಿದ್ದು ನೆನಪಿತ್ತು, ಆದರೆ ಬಾಯಿ ಬಿಡಲಿಲ್ಲ. ಅವರೇ ಕೇಳಿದರು.

"ಆ ಡಾಕ್ಟರ ಹೇಳಿದ್ದು ಖರೇ ಏನವಾ? ಅದು ಆಮ್ಯಾಲೆ ತಿಳಿ ಆಗತೈತಂತ?"

"ಭಾಳ ಮಂದಿಗೆ ಆಗತೈತಂತ್ರಿ ಅಕ್ಕಾರ. ನನಗೂ ಈಗ ಸುಮಾರ ಆಗಾಕತ್ತೈತ್ರಿ."

"ಎಷ್ಟ ದಿನಕ್ಕ?"

"ಕೆಲವರಿಗೆ ವರ್ಷೊಪ್ಪತ್ತಿಗೆ. ಕೆಲವರಿಗೆ ನಾಕೈದ ವರ್ಷ ಹಿಡೀತೈತಂತ್ರಿ."

ಸುಭದ್ರಕ್ಕ ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯದಂತೆ ಮಾತಾಡಿದರು. ಆ ದಿನ ಸ್ಟುಡಿಯೋದಿಂದ ಬಂದ ಮೇಲೆ ಊರಲ್ಲಿ ಸುದ್ದಿಯಾಯಿತು. ತಲೆ ಕೆಟ್ಟಿದೆ ಎಂದರು. ಗಂಡ, ಇನ್ನ ಸಾಕು ಬಿಡು, ಮಂದಿ ನಗತಾರ ಎಂದರು. ತನಗೂ ಹೌದೆನ್ನಿಸಿತು. ಅಂದಿನಿಂದ ಅಡಿಗೆಮನೆಯಲ್ಲಿ ಕೂಡ ಗುನುಗಲಿಲ್ಲ, ಬಾಯಿ ತೆರೆದರೆ ಮತ್ತೆ ಅದೇ ಜಾಗದಲ್ಲಿ ನಿಂತುಬಿಟ್ಟರೆ ಎಂಬ ಅಂಜಿಕೆ. ಹಾಗೆಯೇ ಇಪ್ಪತ್ತೈದು ವರ್ಷದ ಮೇಲಾಗಿದೆ.

"ಹಂಗಾರ ಹೋದ ಮಾತು ನನಗ ತಿರುಗಿ ಬಂದಿತ್ತವಾ," ಎಂದರು. "ಬಂದೈತೋ ಇಲ್ಲೋ ಅಂತ ನಾ ನೋಡಲಽ ಇಲ್ಲ."

ಒಬ್ಬ ದೊಡ್ಡ ಗಾಯಕಿ, ತಾನಾಗಿ ಹೋಗಬಹುದಾಗಿದ್ದ ಒಂದು ತೊಂದರೆಗೆ ಹೆದರಿ, ಅದು ಹೋದ ಮೇಲೂ ಬದುಕಿಡೀ ಬಾಯಿ ಮುಚ್ಚಿಕೊಂಡು ಕೂತಿದ್ದಳು. ನಾವೆಲ್ಲ ಅದೇ ಊರಲ್ಲಿದ್ದೆವು, ಸಂಗೀತದ ಊರು ಎಂದು ಮೈಕಿನಲ್ಲಿ ದಿನಾ ಹೇಳುತ್ತಿದ್ದೆವು.

ಜೋಕಾಲಿ ನಿಂತಿತು. ಪಂಡಿತರು ಇಳಿದು ಬಂದು ಹೆಂಡತಿಯ ಎದುರು ನೆಲದ ಮೇಲೆ ಕೂತರು. ಮಂಡಿ ಮಡಚಲು ಅವರಿಗೆ ಕಷ್ಟವಾಯಿತು.

"ನಾನಽ ಬ್ಯಾಡಂದಿದ್ದೆ," ಎಂದರು. "ಈಗರೆ ಹಾಡು, ಸುಭದ್ರಾ."

ಸುಭದ್ರಕ್ಕ ಗಂಡನ ಮುಖ ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಎಲ್ಲಾ ಚೀಜು ನೆನಪ ಅದಾವ್ರಿ," ಎಂದರು. "ಈಗ ದಮ್ಮಿಲ್ಲ."